ಅರ್ಧದಿಂದ ಭಾಗಿಸಿದರೆ

“ಹನ್ನೆರಡು,” ಎಂದಳು ದಾಕ್ಷಾಯಣಿ.

ರುದ್ರಯ್ಯನವರು ನಕ್ಕರು. ನೋಡಲು ಬಂದವರ ಎದುರು ಕೂತ ಹುಡುಗಿಗೆ ಬರುವ ಉತ್ತರವೂ ಮರೆತು ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಪಾಪ, ಚೆನ್ನಾಗಿ ಉತ್ತರ ಹೇಳಿ ಎಲ್ಲರಿಂದ ಶಹಬ್ಬಾಸ್ ಅನ್ನಿಸಿಕೊಳ್ಳಲಿ ಎಂದೇ ಅವರು ಸುಲಭದ ಲೆಕ್ಕವನ್ನು ಆರಿಸಿಕೊಂಡಿದ್ದರು.

“ಗಾಬರಿ ಆಗಬ್ಯಾಡವ್ವಾ. ಸಾವಕಾಶ ವಿಚಾರ ಮಾಡಿ ಹೇಳು. ಆರನ್ನ ಅರ್ಧದಿಂದ ಭಾಗಿಸಿದ್ರ ಎಷ್ಟು?”

ದಾಕ್ಷಾಯಣಿ ಸಾವಕಾಶವಾಗಿಯೇ ವಿಚಾರ ಮಾಡಿದಳು. ನಾಲ್ಕು ವರ್ಷದವಳಿದ್ದಾಗ ಗದಗಿನಿಂದ ಕಾಶಿಗೆ ಬಂದವಳು ಅವಳು. ಮನೆಯಲ್ಲಿ ಕನ್ನಡವೇ ಆದರೂ ಲೆಕ್ಕ ಮಾಡುವಾಗ ಮಾತ್ರ ತುಟಿ ಹಿಂದಿಯಲ್ಲಿ ಅಲುಗಾಡುತ್ತಿತ್ತು. ಬಂಗಾಲಿ ಟೋಲಾ ಓಣಿಯ ಒಂದು ಪುಟ್ಟ ಶಾಲೆಯಲ್ಲಿ ಐದನೆಯ ಕ್ಲಾಸಿನ ಹುಡುಗಿಯರಿಗೆ ಅವಳು ಗಣಿತ ಕಲಿಸುತ್ತಿದ್ದಳು. ಹೋದ ವಾರವಷ್ಟೇ ಇದೇ ಪಾಠ ಮುಗಿಸಿದ್ದಳು.

“ಹನ್ನೆರಡೇ ರೀ,” ಎಂದಳು.

“ಮೂರು,” ಎಂದರು ರುದ್ರಯ್ಯ, ಮೆತ್ತಗೆ, ಮಗುವಿನ ಕೈ ಹಿಡಿದು ಗಟಾರ ದಾಟಿಸುವವರಂತೆ.

ಮಠದ ಹಿಂಭಾಗದಲ್ಲಿ ವ್ಯವಸ್ಥಾಪಕರಿಗೆಂದು ಕೊಟ್ಟಿದ್ದ ಎರಡು ಕೋಣೆಗಳ ಮನೆ ಅದು. ದಾಕ್ಷಾಯಣಿಯ ತಂದೆ ಸೋಮಲಿಂಗಯ್ಯ ಇಪ್ಪತ್ತು ವರ್ಷಗಳಿಂದ ಆ ಕನ್ನಡ ಮಠದ ವ್ಯವಸ್ಥಾಪಕರು. ಊರಿನ ಕಡೆಯಿಂದ ಬರುವ ಯಾತ್ರಿಕರಿಗೆ ಕೋಣೆ, ಬಿಸಿನೀರು, ದೋಣಿ, ಪೂಜೆ ಎಲ್ಲವನ್ನೂ ಹೊಂದಿಸಿ ಕೊಡುತ್ತ, ಯಾರಿಗೂ ಇಲ್ಲ ಎನ್ನದೆ ಆ ಇಪ್ಪತ್ತು ವರ್ಷಗಳನ್ನು ಕಳೆದವರು. ಈಗ ಅವರು ಮಗಳ ಮುಖ ನೋಡಿದರು. ಆ ನೋಟದಲ್ಲಿ ಒಂದೇ ಬೇಡಿಕೆಯಿತ್ತು: ಮೂರು ಅಂದುಬಿಡು.

ಯಾಕೆಂದರೆ ರುದ್ರಯ್ಯ ಬರೀ ಬಂದವರಲ್ಲ. ಹುಡುಗ ತೋಂಟೇಶನ ಅಕ್ಕನ ಗಂಡ, ಆ ಮನೆಯ ಹಿರಿಯ ಅಳಿಯ, ರಾಣೆಬೆನ್ನೂರಿನಲ್ಲಿ ಬ್ಯಾಂಕ್ ಮ್ಯಾನೇಜರು. ತೋಂಟೇಶನ ತಂದೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರ ಮಾತಿಲ್ಲದೆ ಒಲೆಯ ಮೇಲೆ ಹಾಲು ಉಕ್ಕುತ್ತಿರಲಿಲ್ಲ. ಹುಡುಗ ಇಲ್ಲಿಯ ವಿಶ್ವವಿದ್ಯಾಲಯದಲ್ಲೇ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದ. ಇದು ಕೂಡಿಬಂದರೆ ದಾಕ್ಷಾಯಣಿ ಕಾಶಿಯನ್ನೂ ಬಿಡಬೇಕಿರಲಿಲ್ಲ, ಶಾಲೆಯನ್ನೂ ಬಿಡಬೇಕಿರಲಿಲ್ಲ. ಹಿಂದೆ ಎರಡು ಸಂಬಂಧಗಳು ‘ಹುಡುಗಿ ಭಾಳ ದೂರದಾಕಿ’ ಎಂಬ ಮಾತಿನಲ್ಲಿ ಮುರಿದಿದ್ದವು. ಇವರು ಯಾತ್ರೆಯನ್ನೂ ಹೆಣ್ಣು ನೋಡುವುದನ್ನೂ ಒಂದೇ ಟಿಕೆಟ್ಟಿನಲ್ಲಿ ಮುಗಿಸಲು ಬಂದು ಇದೇ ಮಠದ ಮೇಲಿನ ಕೋಣೆಗಳಲ್ಲಿ ಇಳಿದಿದ್ದರು.

“ಮೂರು ಹೆಂಗ್ರಿ ಆಗ್ತೈತಿ?” ಎಂದಳು ದಾಕ್ಷಾಯಣಿ. “ಆರನ್ನ ಅರ್ಧ ಮಾಡಿದ್ರ ಮೂರು. ಅರ್ಧದಿಂದ ಭಾಗಿಸಿದ್ರ ಹನ್ನೆರಡು.”

“ಎರಡೂ ಒಂದೇ ಅಲ್ಲೇನವ್ವಾ?”

“ಅಲ್ರಿ. ಒಂದರ ಕೆಳಗ ಎರಡು ಇರ್ತೈತಲ್ರಿ, ಅದನ್ನ ಉಲ್ಟಾ ಮಾಡಿ, ಎರಡರ ಕೆಳಗ ಒಂದು ಬರದು ಗುಣಿಸಬೇಕು.”

“ಯಾಕ ಉಲ್ಟಾ ಮಾಡಬೇಕು?”

ಐದನೆಯ ಕ್ಲಾಸಿನ ಹುಡುಗಿಯೊಬ್ಬಳು ಹೋದ ವಾರ ಕೇಳಿದ್ದೂ ಇದನ್ನೇ. ಅವತ್ತು ದಾಕ್ಷಾಯಣಿ ‘ನಿಯಮ ಹೈ, ಬೈಠೋ’ ಎಂದಿದ್ದಳು. ರುದ್ರಯ್ಯನವರಿಗೆ ಕೂತುಕೊಳ್ಳಿ ಎನ್ನುವಂತಿರಲಿಲ್ಲ. ಅವರು ಮೊದಲೇ ಕೂತಿದ್ದರು.

“ನಿಯಮ ಐತ್ರಿ,” ಎಂದಳು.

“ನಾ ಬ್ಯಾಂಕಿನ್ಯಾಗ ಮ್ಯಾಲಿಂದು ಕೆಳಗ, ಕೆಳಗಿಂದು ಮ್ಯಾಲ ಮಾಡಿದ್ರ ಜೈಲಿಗೆ ಕಳಸ್ತಾರ,” ಎಂದು ರುದ್ರಯ್ಯ ಸುತ್ತ ನೋಡಿದರು. ಅವರ ಹೆಂಡತಿ ರೇಖಾ ರೂಢಿಯಂತೆ ಹೂಂ ಎಂಬಂತೆ ತಲೆಯಾಡಿಸಿದಳು. “ನೋಡವ್ವಾ. ಭಾಗಾಕಾರ ಅಂದ್ರ ಹಂಚೂದು. ಈ ತಾಟಿನ್ಯಾಗ ಆರು ಉಂಡಿ ಅದಾವ. ಮೂರು ಮಂದಿಗೆ ಹಂಚಿದ್ರ ಒಬ್ಬೊಬ್ಬರಿಗೆ ಎರಡು. ಇಬ್ಬರಿಗೆ ಹಂಚಿದ್ರ ಮೂರು. ಈಗ ಅರ್ಧ ಮಂದಿಗೆ ಹಂಚು, ನೋಡೂಣು. ಅರ್ಧ ಮನಷ್ಯಾ ಎಲ್ಲಿರ್ತಾನ? ಮತ್ತ ಅವಗ ಹನ್ನೆರಡು ಉಂಡಿ ಎಲ್ಲಿಂದ ತರ್ತಿ?”

ದಾಕ್ಷಾಯಣಿ ತಾಟನ್ನು ತನ್ನ ಕಡೆ ಎಳೆದುಕೊಂಡು, ಅವ್ವ ಬೆಳಿಗ್ಗೆಯಿಂದ ಕೂತು ಕಟ್ಟಿದ್ದ ಬೇಸನ್ ಉಂಡಿಗಳನ್ನು ಒಂದೊಂದಾಗಿ ಎರಡು ಹೋಳು ಮಾಡಿದಳು. “ಎಣಿಸ್ರಿ. ಹನ್ನೆರಡು.”

“ಹನ್ನೆರಡು ಹೋಳು. ಉಂಡಿ ಎಷ್ಟು?”

“ಉಂಡಿ... ಆರು.”

“ಆರು ಇದ್ದಿದ್ದು ಆರೇ ಉಳೀತು. ಭಾಗ ಎಲ್ಲಿ ಆತು? ಬರೇ ಮುರದಂಗಾತು.”

ದಾಕ್ಷಾಯಣಿ ಹೋಳುಗಳನ್ನು ಮತ್ತೊಮ್ಮೆ ಎಣಿಸಿದಳು. ಉತ್ತರ ಹನ್ನೆರಡೇ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ತಾಟಿನಲ್ಲಿ ಬಿದ್ದಿದ್ದ ಹೋಳುಗಳು ಅವಳ ಪರವಾಗಿ ಸಾಕ್ಷಿ ಹೇಳಲು ಒಪ್ಪುತ್ತಿರಲಿಲ್ಲ.

ಅಳಿಯನ ಪಕ್ಕದಲ್ಲಿ ಕೂತಿದ್ದ ತೋಂಟೇಶನ ತಾಯಿ ಈಗ ಬಾಯಿ ಹಾಕಿದರು. “ಭಾಗ ಆದ್ರ ಎಲ್ಲೆರ ಹೆಚ್ಚಾಗೂದು ಐತೇನವ್ವಾ? ನಮ್ಮ ಮನ್ಯಾಗ ಅಣ್ಣತಮ್ಮರು ಭಾಗ ಆದಾಗ ನಮ್ಮ ಪಾಲಿಗೆ ಬಂದದ್ದು ಒಂದು ಹಿತ್ತಾಳಿ ಹಂಡೆ. ಅದೂ ಸೋರತಿತ್ತು.”

ಸೋಮಲಿಂಗಯ್ಯ ಇನ್ನು ತಡೆಯಲಾರದೆ ಮುಂದೆ ಬಂದರು. “ಒಂದೊಂದು ಕಡೆ ಒಂದೊಂದು ಪದ್ಧತಿ ಇರ್ತೈತ್ರಿ. ಈಕೆ ಕಲ್ತದ್ದು ಯು.ಪಿ. ಬೋರ್ಡಿನ್ಯಾಗ. ಈ ಕಡೆ ಹನ್ನೆರಡು ಇರಬಹುದು. ನಮ್ಮ ಕರ್ನಾಟಕದಾಗ ಮೂರೇ.”

“ಅಪ್ಪಾ,” ಎಂದಳು ದಾಕ್ಷಾಯಣಿ.

ಅವಳು ತೋಂಟೇಶನ ಕಡೆ ನೋಡಿದಳು. ಕನ್ನಡಕದ, ತೆಳ್ಳಗಿನ, ಮೂವತ್ತರ ಆಸುಪಾಸಿನ ಆ ಮನುಷ್ಯ ಗೋಡೆಯ ಮೇಲಿನ ಕ್ಯಾಲೆಂಡರನ್ನು ಮೊದಲ ಸಲ ಕ್ಯಾಲೆಂಡರ್ ಕಂಡವನಂತೆ ಓದುತ್ತಿದ್ದ. ಅವನಿಗೆ ಗೊತ್ತು ಎಂದು ಅವಳಿಗೆ ಗೊತ್ತಾಯಿತು. ಗೊತ್ತಿಲ್ಲದವರು ಅಷ್ಟು ಶ್ರದ್ಧೆಯಿಂದ ಕ್ಯಾಲೆಂಡರ್ ಓದುವುದಿಲ್ಲ.

ಆ ಕ್ಷಣಕ್ಕೆ, ಯಾರೋ ಚಿಲಕ ಹಾಕಲು ಮರೆತಿದ್ದ ಜಾಳಿಗೆಯ ಬಾಗಿಲನ್ನು ತಳ್ಳಿಕೊಂಡು ಕೋತಿಯೊಂದು ಒಳಗೆ ಬಂತು. ಯಾರ ಮುಖವನ್ನೂ ನೋಡದೆ ತಾಟಿಗೆ ಕೈ ಹಾಕಿ, ಸಿಕ್ಕಷ್ಟು ಹೋಳುಗಳನ್ನು ಬಾಚಿಕೊಂಡು, ಬಂದ ದಾರಿಯಲ್ಲೇ ಹೋಯಿತು. ರುದ್ರಯ್ಯನವರ ಪಂಚೆಯ ತುಂಬ ಬೇಸನ್ ಪುಡಿ ಉದುರಿತ್ತು. ಹೆಣ್ಣು ನೋಡುವ ಶಾಸ್ತ್ರ ಅಲ್ಲಿಗೆ ಮುಗಿಯಿತು.

ಅತಿಥಿಗಳು ಮೇಲೆ ಹೋದ ಮೇಲೆ ವೀರಮ್ಮ ಮಗಳೆದುರು ಬಂದು ಕೂತರು. “ಮೂರು ಅಂದಿದ್ರ ನಿನ್ನ ಗಂಟೇನು ಹೋಗತಿತ್ತು?”

“ಅದು ಮೂರಲ್ಲವ್ವಾ.”

“ಗೊತ್ತಿಲ್ದ ಕೇಳ್ತೀನೇನು? ನೀ ಟೀಚರ್, ನೀ ಹೇಳಿದ ಮ್ಯಾಲೆ ಅದು ಹನ್ನೆರಡೇ ಇರ್ತೈತಿ. ಮಕ್ಕಳಿಗೆ ಹನ್ನೆರಡು ಅನ್ನು, ಬೀಗರಿಗೆ ಮೂರು ಅನ್ನು. ಅದರಾಗ ಏನೈತಿ?”

ಸೋಮಲಿಂಗಯ್ಯ ಬಾಗಿಲ ಬಳಿ ನಿಂತು ಬೇರೆಯೇ ಚಿಂತೆ ಮಾಡುತ್ತಿದ್ದರು. ಬಂದವರು ಮುನಿಸಿಕೊಂಡು ಹೋಗಿಬಿಟ್ಟಿದ್ದರೆ ಒಂದು ರೀತಿ. ಆದರೆ ಇವರ ಗಾಡಿ ಇರುವುದು ನಾಡಿದ್ದು. ಅಲ್ಲಿಯವರೆಗೆ ಇವರಿಗೆ ಬೆಳಿಗ್ಗೆ ಬಿಸಿನೀರು ಕೊಡಬೇಕು, ಊಟ ಹಾಕಬೇಕು, ಮೊದಲೇ ಮಾತು ಕೊಟ್ಟಂತೆ ನಾಳೆ ದೋಣಿಯಲ್ಲಿ ಹೊಳೆಯಾಚೆಯ ರಾಮನಗರದ ಕೋಟೆಗೆ ಕರೆದೊಯ್ಯಬೇಕು. ಹಿಂದೆ ಮುನಿಸಿಕೊಂಡ ಯಾತ್ರಿಕರನ್ನು ಅವರು ಕಂಡಿದ್ದರು. ಆದರೆ ಆ ಮುನಿಸೆಲ್ಲ ಹಾಸಿಗೆಯ ತಿಗಣೆಗೋ ಪೂಜೆಯ ಸರದಿಗೋ ಸಂಬಂಧಪಟ್ಟದ್ದು. ಗಣಿತಕ್ಕೆ ಮುನಿಸಿಕೊಂಡವರನ್ನು ಸಮಾಧಾನ ಮಾಡುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ.

ಮರುದಿನ ಶಾಲೆಗೆ ರಜೆಯಿತ್ತು. ಬೆಳಿಗ್ಗೆ ಎಲ್ಲರೂ ದೋಣಿ ಹತ್ತಿದರು. ಫೆಬ್ರುವರಿಯ ಎಳೆಬಿಸಿಲು ನೀರಿನ ಮೇಲೆ ಹರಡಿತ್ತು. ದೋಣಿಯವನು ಅಸ್ಸಿ ಘಾಟಿನ ಕಡೆಗೆ ಹುಟ್ಟು ಹಾಕುತ್ತ, ದಂಡೆಯ ಘಾಟುಗಳ ಹೆಸರು ಹೇಳುತ್ತಿದ್ದ. ಸೋಮಲಿಂಗಯ್ಯ ಅದನ್ನೆಲ್ಲ ಕನ್ನಡಕ್ಕೆ ತಂದು ಹೇಳುತ್ತ, ಎಲ್ಲಿಯೂ ಎಷ್ಟು ಮೆಟ್ಟಿಲು, ಎಷ್ಟು ಗುಡಿ ಎಂಬ ಸಂಖ್ಯೆಯ ಮಾತು ಬರದಂತೆ ನೋಡಿಕೊಳ್ಳುತ್ತಿದ್ದರು. ಪ್ರಯೋಜನವಾಗಲಿಲ್ಲ.

“ತೋಂಟೇಶಾ,” ಎಂದರು ರುದ್ರಯ್ಯ ದೋಣಿಯ ಮೂತಿಯಿಂದ. “ನೀ ಸೈನ್ಸ್ ಓದಿದಾಂವ. ನೀನೇ ಹೇಳಿಬಿಡು. ಮೂರೋ ಹನ್ನೆರಡೋ?”

ಅಕ್ಕನ ಗಂಡನನ್ನು ತೋಂಟೇಶ ಮಾಮಾ ಎನ್ನುತ್ತಿದ್ದ. ಅವನು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದ. “ಮಾಮಾ, ಅದು ನಾವು ಹೆಂಗ ನೋಡ್ತೀವಿ ಅನ್ನೂದರ ಮ್ಯಾಲೆ ಐತಿ. ಒಂದು ದೃಷ್ಟಿಯಿಂದ ನೋಡಿದ್ರ...”

“ನೋಡಿದ್ರ?”

“ನೀವು ಹೇಳೂದರಾಗೂ ಅರ್ಥ ಐತಿ.”

ರುದ್ರಯ್ಯನವರಿಗೆ ಸಮಾಧಾನವಾಯಿತು. ತೋಂಟೇಶನ ತಾಯಿಗೂ ಆಯಿತು. ಸೋಮಲಿಂಗಯ್ಯ ಎಲ್ಲರಿಗಿಂತ ಹೆಚ್ಚು ಸಮಾಧಾನಪಟ್ಟು, ದೂರದಲ್ಲಿ ಕಾಣುತ್ತಿದ್ದ ಕೋಟೆಯನ್ನು ಎರಡು ಸಲ ತೋರಿಸಿದರು. ದಾಕ್ಷಾಯಣಿ ಮಾತ್ರ ನೀರಿಗೆ ಕೈ ಇಳಿಬಿಟ್ಟು ಮುಖ ತಿರುಗಿಸಿದಳು.

ರಾಮನಗರದ ಕೋಟೆಯಲ್ಲಿ ಹಳೆಯ ರಾಜರ ಸಾರೋಟುಗಳನ್ನೂ ಪಲ್ಲಕ್ಕಿಗಳನ್ನೂ ಸಾಲಾಗಿ ನಿಲ್ಲಿಸಿದ್ದರು. ಹಿರಿಯರು ಮುಂದೆ ಹೋಗಿದ್ದರು. ಧೂಳು ಹಿಡಿದ ಅಂಬಾರಿಯೊಂದರ ಹತ್ತಿರ ತೋಂಟೇಶ ಹಿಂದುಳಿದ. ಹುಡುಗ ಹುಡುಗಿ ನಾಲ್ಕು ಮಾತಾಡಿಕೊಳ್ಳಲಿ ಎಂದು ವೀರಮ್ಮನೇ ಹಿಂದೆ ತಿರುಗಿ ನೋಡದೆ ನಡೆಯುತ್ತಿದ್ದರು.

“ನಿಮಗ ಗೊತ್ತಿತ್ತು,” ಎಂದಳು ದಾಕ್ಷಾಯಣಿ.

“ಗೊತ್ತಿತ್ರಿ.”

“ನಿನ್ನೆನೂ ಗೊತ್ತಿತ್ತು.”

“ನಿನ್ನೆನೂ.” ಅವನು ಅಂಬಾರಿಯ ಕಡೆ ನೋಡುತ್ತ ಹೇಳಿದ. “ಅಪ್ಪ ಹೋದಾಗ ನಾ ಇನ್ನೂ ಕಾಲೇಜಿನ್ಯಾಗಿದ್ದೆ. ಮಾಮಾರು ಇರದಿದ್ರ ಓದು ಅಲ್ಲಿಗೇ ನಿಲ್ತಿತ್ತು. ಅವರಿಗೆ ತಪ್ಪು ಅಂತ ಯಾರೂ ಹೇಳಿಲ್ಲ. ಹೇಳೂ ಪ್ರಸಂಗನೂ ಬಂದಿಲ್ಲ. ಭಾಳ ಒಳ್ಳೆ ಮನಷ್ಯಾ ಅವರು.”

“ಒಳ್ಳೆಯವರು ಅಂತ ನಂಗೂ ಅನಸ್ತೈತಿ. ನಾ ಗೆಲ್ಲಲಿ ಅಂತ ಸುಲಭದ ಪ್ರಶ್ನೆ ಕೇಳಿದ್ರು.” ಅವಳು ಅಂಬಾರಿಯ ಧೂಳಿನ ಮೇಲೆ ಬೆರಳೆಳೆದಳು. “ನೀವು ಮಣ್ಣು ಪರೀಕ್ಷೆ ಮಾಡ್ತೀರಂತಲ್ಲ. ಅದರಾಗ ಉಪ್ಪಿನ ಅಂಶ ಎಷ್ಟೈತಿ ಅಂತ ರೈತ ಕೇಳಿದ್ರ ಒಂದು, ಮಾಮಾರು ಕೇಳಿದ್ರ ಇನ್ನೊಂದು ಬರ್ತೈತೇನು?”

ತೋಂಟೇಶ ನಗಲು ಹೋದ. ಅವಳು ನಗುತ್ತಿರಲಿಲ್ಲ.

“ನಿನ್ನೆ ನಾ ಒಬ್ಬಾಕಿನೇ ಕೂತಿದ್ದೆ ಅಲ್ಲಿ,” ಎಂದಳು. “ಎಲ್ಲಾರೂ ಆ ಕಡೆ. ನಮ್ಮಪ್ಪನೂ ಆ ಕಡೆ. ಸರಿ ಉತ್ತರ ಹೇಳಿದ್ದು ನಾನು, ಬೆವತದ್ದೂ ನಾನು. ಮುಂದೆ ದಿನಾ ಹಿಂಗ ಕೂಡಬೇಕಂದ್ರ ನಂಗ ಆಗಂಗಿಲ್ರಿ.”

ಅವಳು ಹಿರಿಯರನ್ನು ಸೇರಿಕೊಳ್ಳಲು ಬೇಗಬೇಗ ನಡೆದಳು. ತೋಂಟೇಶ ಅಂಬಾರಿಯ ಬಳಿಯೇ ನಿಂತಿದ್ದ. ಕಾವಲುಗಾರ ಬಂದು ‘ಆಗೇ ಬಢಿಯೇ, ಬಾಬೂಜಿ’ ಎಂದ ಮೇಲೆಯೇ ಅಲ್ಲಿಂದ ಕದಲಿದ.

ಮಠಕ್ಕೆ ಮರಳುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ವೀರಮ್ಮ ಬೆಳಿಗ್ಗೆಯೇ ಹೂರಣ ರುಬ್ಬಿಟ್ಟು ಹೋಗಿದ್ದರು. ಮನೆಯೊಳಗೆ ಸಾಲಾಗಿ ತಾಟು ಹಾಕಿ, ಬಿಸಿ ಹೋಳಿಗೆ ಬಡಿಸತೊಡಗಿದರು. ರುದ್ರಯ್ಯ ಒಳ್ಳೆಯ ಮನಸ್ಸಿನಲ್ಲಿದ್ದರು. ಲಸ್ಸಿ ಕುಡಿದಿದ್ದರು, ಕೋಟೆ ನೋಡಿದ್ದರು, ಸತ್ಯವೂ ಅವರ ಪಾಲಿಗೆ ಬಂದಿತ್ತು.

“ಹುಡುಗಿ ಚಲೋ ಅದಾಳ, ಸೋಮಲಿಂಗಯ್ಯನವರ,” ಎಂದರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ. “ಒಂಚೂರು ಹಟ. ಅದು ಮದುವಿ ಆದ ಮ್ಯಾಲೆ ಹೋಗತೈತಿ. ಈಗ ನೋಡ್ರಿ, ನಮ್ಮ ತೋಂಟೇಶನೂ ಹೇಳಿದ...”

“ಮಾಮಾ, ಹನ್ನೆರಡು,” ಎಂದ ತೋಂಟೇಶ.

ವೀರಮ್ಮನ ಕೈ ಹೋಳಿಗೆಯ ಬುಟ್ಟಿಯ ಮೇಲೆ ನಿಂತಿತು. ಅಷ್ಟು ತೆಳ್ಳಗಿನ ಹುಡುಗ ಅಷ್ಟು ಹೋಳಿಗೆ ಕೇಳಬಹುದೆಂದು ಅವರು ಎಣಿಸಿರಲಿಲ್ಲ.

“ಏನು ಹನ್ನೆರಡು?” ಎಂದರು ರುದ್ರಯ್ಯ.

“ಉತ್ತರ. ಆರನ್ನ ಅರ್ಧದಿಂದ ಭಾಗಿಸಿದ್ರ ಹನ್ನೆರಡು. ದೃಷ್ಟಿ ಗಿಷ್ಟಿ ಏನಿಲ್ಲ. ಮುಂಜಾನೆ ಸುಮ್ಮ ಹೇಳಿದೆ.” ಅವನ ಕಿವಿ ಕೆಂಪಾಗಿತ್ತು. “ಅವರು ಹೇಳಿದ್ದು ಸರಿ. ನೀವು ಹೇಳಿದ್ದು ತಪ್ಪು.”

ತೋಂಟೇಶನ ತಾಯಿ ತಾಟಿನ ಅಂಚನ್ನು ಹಿಡಿದುಕೊಂಡರು. ಮನೆಯಲ್ಲಿ ಯಾರಾದರೂ ಬಿದ್ದಾಗ ಕೈಗೆ ಸಿಕ್ಕಿದ್ದನ್ನು ಹಾಗೆ ಹಿಡಿದುಕೊಳ್ಳುವುದು ಅವರ ರೂಢಿ. ರೇಖಾ ತಮ್ಮನ ಮುಖವನ್ನೇ ನೋಡುತ್ತಿದ್ದಳು.

ರುದ್ರಯ್ಯ ಕೂಗಾಡಲಿಲ್ಲ. “ಹಂಗಾರ ತೋರಿಸು,” ಎಂದರು.

“ಆರರಾಗ ಎಷ್ಟು ಅರ್ಧ ಅದಾವ ಅಂತ ನೋಡಬೇಕು. ಒಂದರಾಗ ಎರಡು ಅರ್ಧ. ಆರರಾಗ ಹನ್ನೆರಡು.”

“ನಾ ಭಾಗಿಸು ಅಂದೆ. ಎಣಿಸು ಅನಲಿಲ್ಲ.”

ತೋಂಟೇಶ ಹೋಳಿಗೆಯ ಮೇಲೆ ಬೆರಳಿಟ್ಟ. ತೆಗೆದ. “ಭಾಗಿಸೂದು ಅಂದ್ರನ... ಒಂದು ಥರಾ...” ಎಂದು ನಿಂತ.

ಸಾರಿನ ಪಾತ್ರೆ ಹಿಡಿದು ನಿಂತಿದ್ದ ದಾಕ್ಷಾಯಣಿ ತಡೆಯಲಾರದೆ, “ಅಲ್ಲೇ ನಿಲ್ತೈತಿ ನೋಡ್ರಿ,” ಎಂದಳು. “ನಿನ್ನೆ ನಾನೂ ಅಲ್ಲೇ ನಿಂತೆ.”

“ಸಣ್ಣದರಿಂದ ಸುರು ಮಾಡೂಣ್ರಿ,” ಎಂದ ಅವನು, ರುದ್ರಯ್ಯನವರನ್ನು ಮರೆತು ಅವಳ ಕಡೆಗೆ ತಿರುಗಿ. “ಅರ್ಧನ್ನ ಅರ್ಧದಿಂದ ಭಾಗಿಸಿದ್ರ?”

“ಒಂದು.”

“ಕಾಲು,” ಎಂದರು ರುದ್ರಯ್ಯ. “ಅರ್ಧದಾಗ ಅರ್ಧ ಕಾಲು. ಹಾದಿ ಮ್ಯಾಲಿನ ಹುಡುಗನ್ನ ಕೇಳ್ರಿ.”

“ಈಗಿದು ಇನ್ನೂ ಬಿಗಿ ಆತು,” ಎಂದ ತೋಂಟೇಶ.

“ಕಾಲನ್ನ ಅರ್ಧದಿಂದ ಭಾಗಿಸಿದ್ರ?” ಎಂದಳು ದಾಕ್ಷಾಯಣಿ.

“ಅದನ್ನ ತೆಗೀಬ್ಯಾಡ್ರಿ. ಅದು ಅರ್ಧ ಬರ್ತೈತಿ. ಎದಿ ಮುಟ್ಟಿಕೊಂಡು ಹೇಳೂದಾದ್ರ ನಂಗೂ ನಂಬಿಕಿ ಬರೂದಿಲ್ಲ.”

ದಾಕ್ಷಾಯಣಿಗೆ ನಗು ಬಂತು. ಸಾರಿನ ಪಾತ್ರೆ ಕೈಯಲ್ಲಿದ್ದುದರಿಂದ ಬಾಯಿ ಮುಚ್ಚಿಕೊಳ್ಳಲಾಗಲಿಲ್ಲ. ಅವನೂ ನಕ್ಕ. ಇಬ್ಬರಿಗೂ ಸರಿಯುತ್ತರ ಗೊತ್ತಿತ್ತು, ಇಬ್ಬರಿಗೂ ಅದನ್ನು ಎತ್ತಿ ತೋರಿಸಲು ಬರುತ್ತಿರಲಿಲ್ಲ, ಮತ್ತು ನಿನ್ನೆ ಅವಳೊಬ್ಬಳೇ ನಿಂತಿದ್ದ ಜಾಗದಲ್ಲಿ ಇಂದು ಇಬ್ಬರು ನಿಂತಿದ್ದರು.

ರುದ್ರಯ್ಯ ಮಜ್ಜಿಗೆ ಕುಡಿದು ಎದ್ದರು. ಎರಡನೆಯ ಹೋಳಿಗೆ ತಾಟಿನಲ್ಲೇ ಉಳಿಯಿತು.

ಅಂದು ಸಂಜೆಯೆಲ್ಲ ಅವರು ಯಾರೊಂದಿಗೂ ನೇರವಾಗಿ ಮಾತಾಡಲಿಲ್ಲ. ಏನು ಬೇಕಾದರೂ ರೇಖಾಳ ಮೂಲಕ ಬರುತ್ತಿತ್ತು. ‘ಚಹಾದಾಗ ಸಕ್ಕರಿ ಕಡಿಮಿ ಐತಿ ಅಂತ ಹೇಳು.’ ‘ಆರತಿಗೆ ಬರ್ತೀನಿ, ಆದ್ರ ನಿನ್ನ ತಮ್ಮನ ಬಾಜೂ ನಿಂದ್ರೂದಿಲ್ಲ ಅಂತ ಹೇಳು.’ ಮೂರು ಹೆಜ್ಜೆಯಾಚೆ ಕೂತ ತಮ್ಮನಿಗೆ ರೇಖಾ ಅದನ್ನೆಲ್ಲ ಹೇಳುತ್ತಿದ್ದಳು. ತಮ್ಮ ಹೂಂ ಅನ್ನುತ್ತಿದ್ದ. ಅವಳು ಆ ಹೂಂ ಅನ್ನು ಮತ್ತೆ ಗಂಡನಿಗೆ ತಲುಪಿಸುತ್ತಿದ್ದಳು. ಸಂಬಂಧದ ಮಾತನ್ನು ಯಾರೂ ಎತ್ತಲಿಲ್ಲ. ಸೋಮಲಿಂಗಯ್ಯ ಎರಡು ಸಲ ಮೆಟ್ಟಿಲು ಹತ್ತಿ, ಬಾಗಿಲ ಬಳಿ ಹೋಗಿ, ಬಿಸಿನೀರು ಬೇಕೇ ಎಂದಷ್ಟೇ ಕೇಳಿ ಇಳಿದು ಬಂದರು.

ಹೊರಡುವ ದಿನ ಗಂಗಾಜಲದ ಕೆಲಸ ಉಳಿದಿತ್ತು. ಕಾಶಿಗೆ ಹೋದವರು ಊರಿನ ಬಂಧುಗಳಿಗೆ ಗಂಗೆ ಒಯ್ಯದೆ ಹೋಗುವಂತಿಲ್ಲ. ದಂಡೆಯ ನೀರು ಬೇಡ, ನಡುಹೊಳೆಯದೇ ಆಗಬೇಕೆಂದು ರುದ್ರಯ್ಯ ಬೆಳಿಗ್ಗೆಯೇ ದೋಣಿಯವನ ಕೈಯಲ್ಲಿ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನು ತುಂಬಿಸಿ ತರಿಸಿದ್ದರು. ಇನ್ನು ಅದನ್ನು ಹಂಚಿ ತುಂಬಲು ತಾಮ್ರದ ಗಿಂಡಿಗಳು ಬೇಕಿತ್ತು. ವಿಶ್ವನಾಥ ಗಲ್ಲಿಯ ಅಂಗಡಿಗೆ ಎಲ್ಲರೂ ಹೊರಟರು. ದಾಕ್ಷಾಯಣಿಯನ್ನೂ ಕರೆದರು, ಭಾಷೆಗೆ ಬೇಕಾಗುತ್ತದೆಂದು. ಅವಳು ಶಾಲೆಗೆ ಹೋಗುವ ಸೀರೆಯಲ್ಲೇ ಬಂದಳು.

ಗಲ್ಲಿ ಎಂದಿನಂತೆ ಇಕ್ಕಟ್ಟಾಗಿತ್ತು. ಹೂವಿನ ಬುಟ್ಟಿ ಹೊತ್ತವರು, ಬಾಗಿಲಿಗೆ ಅಡ್ಡ ಮಲಗಿದ ದನ, ‘ಅಮ್ಮಾ ಬನ್ನಿ, ಇಲ್ಲಿ ಬನ್ನಿ’ ಎಂದು ಕನ್ನಡದಲ್ಲೇ ಕರೆಯುವ ಅಂಗಡಿಯವರು. ಗಿಂಡಿಯ ಅಂಗಡಿಯವನು ರುದ್ರಯ್ಯನವರ ಮುಂದೆ ದೊಡ್ಡದು, ನಡುವಿನದು, ಸಣ್ಣದು ಎಂದು ಮೂರು ನಮೂನೆ ಇಟ್ಟ. ರುದ್ರಯ್ಯ ನಡುವಿನದನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದರು.

“ಆಧಾ ಲೀಟರ್?”

“ಆಧಾ ಲೀಟರ್, ಬಾಬೂಜಿ. ಕಿತ್ನಾ ದೇ ದೂಂ?”

“ಪಾನಿ ಪಾಂಚ್ ಲೀಟರ್ ಹೈ,” ಎಂದರು ರುದ್ರಯ್ಯ ತಮ್ಮ ಬ್ಯಾಂಕಿನ ಹಿಂದಿಯಲ್ಲಿ. ಮುಂದಿನ ಮಾತಿಗೆ ಅವರು ಉಸಿರನ್ನೂ ತೆಗೆದುಕೊಳ್ಳಲಿಲ್ಲ. “ದಸ್ ದೇವ್.”

ಹತ್ತು. ಅಂಗಡಿಯವನು ಎಣಿಸಿ ಇಡತೊಡಗಿದ. ದಾಕ್ಷಾಯಣಿ ತಲೆಯೆತ್ತಿದಳು. ತೋಂಟೇಶ ಅವಳ ಕಡೆ ನೋಡಿದ. ಅವಳ ತುಟಿ ಅಲುಗಾಡಿತು, ಐದು, ಅರ್ಧ. ಅವಳಿಗೆ ಏನೋ ಹೊಳೆಯಿತು. ಆದರೆ ಹೇಳಬೇಕೆನಿಸಲಿಲ್ಲ. ನಿನ್ನೆ ಮಧ್ಯಾಹ್ನ ರುದ್ರಯ್ಯ ಬಿಟ್ಟು ಎದ್ದ ಹೋಳಿಗೆಯನ್ನು ಎತ್ತಿದವಳು ಅವಳೇ. ತೋಂಟೇಶನೂ ಹೇಳಲಿಲ್ಲ. ಅವನು ಈಗಾಗಲೇ ಒಮ್ಮೆ ಹೇಳಿ ಆಗಿತ್ತು.

“ಹತ್ತು ಯಾಕ್ರಿ?” ಎಂದಳು ರೇಖಾ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳ ದನಿ ಎಂದಿನಂತೆ ಮೆತ್ತಗೇ ಇತ್ತು.

“ಐದು ಲೀಟರ್ ನೀರು, ಅರ್ಧ ಲೀಟರಿನ ಗಿಂಡಿ. ಐದನ್ನ ಅರ್ಧದಿಂದ ಭಾಗಿಸಿದ್ರ ನಿಮ್ಮ ಲೆಕ್ಕದಾಗ ಎರಡೂವರಿ. ಎರಡೂವರಿ ಗಿಂಡಿ ಸಾಕಲ್ರಿ.”

ಅಂಗಡಿಯವನ ಕೈ ಎಂಟನೆಯ ಗಿಂಡಿಯ ಮೇಲಿತ್ತು. ಕನ್ನಡ ಅವನಿಗೆ ಅರ್ಥವಾಗಿರಲಿಲ್ಲ. ಆದರೆ ಗಂಡಹೆಂಡಿರ ನಡುವೆ ವ್ಯಾಪಾರ ನಿಲ್ಲುವ ಗಳಿಗೆ ಅವನಿಗೆ ಗೊತ್ತಾಗುತ್ತಿತ್ತು. ಸೋಮಲಿಂಗಯ್ಯ ಪಕ್ಕದ ಅಂಗಡಿಯ ರುದ್ರಾಕ್ಷಿಗಳನ್ನು ನೋಡಲು ಶುರುಮಾಡಿದರು.

ರುದ್ರಯ್ಯ ಕೈಯಲ್ಲಿದ್ದ ಗಿಂಡಿಯನ್ನು ನೋಡಿದರು. ಅದರ ಬಾಯೊಳಗೆ ಇಣುಕಿದರು. ಆಮೇಲೆ ಕ್ಯಾನು ಇರುವ ಮಠದ ದಿಕ್ಕಿಗೆ, ಗಲ್ಲಿಯ ಗೋಡೆಗಳಾಚೆಗೆ, ಸ್ವಲ್ಪ ಹೊತ್ತು ನೋಡಿದರು. ಅವರ ಮುಖದ ಮೇಲೆ ಯಾವುದೋ ಒಂದು ಖಾತೆ ಇನ್ನೊಂದು ಖಾತೆಗೆ ತಾಳೆಯಾಗುವ ಶ್ರಮ ಕಾಣುತ್ತಿತ್ತು. ದನವೊಂದು ಬಂದು ಅವರನ್ನು ಅಂಗಡಿಯ ಕಟ್ಟೆಗೆ ಒತ್ತಿಕೊಂಡು ಹೋಯಿತು. ಅದರ ಪರಿವೆಯೂ ಅವರಿಗಿರಲಿಲ್ಲ.

“ನೀರಿನ ಲೆಕ್ಕ ಬ್ಯಾರೆ,” ಎಂದರು ಕೊನೆಗೆ.

“ಉಂಡಿ ಲೆಕ್ಕ ಬ್ಯಾರೆ, ನೀರಿನ ಲೆಕ್ಕ ಬ್ಯಾರೆ,” ಎಂದರು ಮತ್ತೊಮ್ಮೆ, ಈ ಸಲ ದಾಕ್ಷಾಯಣಿಗೆ. ಹಿಂದಿನ ದಿನದ ಊಟದ ನಂತರ ಎರಡೂ ಮನೆಯವರಲ್ಲಿ ಹೆಂಡತಿಯ ಹೊರತು ಬೇರೆಯವರೊಡನೆ ಅವರು ಆಡಿದ ಮೊದಲ ಮಾತು ಅದು. “ಮಕ್ಕಳಿಗೆ ಕಲಸೂ ಮುಂದ ನೀರಿಂದ ಸುರು ಮಾಡಬೇಕು. ಉಂಡಿ ಕೊಟ್ರ ಮಕ್ಕಳ ತಲಿ ಕೆಡ್ತೈತಿ. ನೀ ನಂಗ ಮೊದಲ ದಿನಾನ ನೀರಿಂದ ಹೇಳಬೇಕಾಗಿತ್ತು.”

“ಹೌದ್ರಿ,” ಎಂದಳು ದಾಕ್ಷಾಯಣಿ. “ನಂಗ ಅದು ಹೊಳೀಲಿಲ್ಲ.” ಅದು ನಿಜವೇ ಆಗಿತ್ತು.

“ದಸ್,” ಎಂದರು ರುದ್ರಯ್ಯ ಅಂಗಡಿಯವನಿಗೆ.

ಮಠದ ಅಂಗಳದಲ್ಲಿ ಗಿಂಡಿಗಳನ್ನು ಸಾಲಾಗಿ ಇಟ್ಟರು. ತೋಂಟೇಶ ಕ್ಯಾನು ಎತ್ತಿ ಹಿಡಿದ. ದಾಕ್ಷಾಯಣಿ ಗಿಂಡಿಯ ಬಾಯಿಗೆ ಲಾಳಿಕೆ ಇಟ್ಟಳು. ನೀರು ಚೆಲ್ಲದಂತೆ ನೋಡಿಕೊಳ್ಳುವ ನೆಪದಲ್ಲಿ ಇಬ್ಬರೂ ತಲೆ ಬಗ್ಗಿಸಿಕೊಂಡು, ಕಾಲನ್ನು ಅರ್ಧದಿಂದ ಭಾಗಿಸುವುದನ್ನು ನೀರಿನಲ್ಲಿ ಹೇಗೆ ತೋರಿಸಬಹುದೆಂದು ಪಿಸುಮಾತಿನಲ್ಲಿ ಜಗಳವಾಡುತ್ತಿದ್ದರು. ಕಾಲು ಲೀಟರ್ ನೀರು ಹಾಕಿದರೆ ಗಿಂಡಿ ಅರ್ಧ ತುಂಬುತ್ತದೆ ಎನ್ನುತ್ತಿದ್ದಳು ಅವಳು. ಹಾಕಿ ತೋರಿಸಿ ಎನ್ನುತ್ತಿದ್ದ ಅವನು. ಗಿಂಡಿಯ ಅಂಗಡಿಯವನು ಕಳಿಸಿದ್ದ ಬೆಸುಗೆಯವನು ಮೂಲೆಯಲ್ಲಿ ಒಲೆ ಊದುತ್ತ, ತುಂಬಿದ ಗಿಂಡಿಗಳ ಬಾಯಿ ಮುಚ್ಚಿ ಕೊಡುತ್ತಿದ್ದ. ರುದ್ರಯ್ಯ ಒಂದೊಂದನ್ನೂ ತಲೆಕೆಳಗು ಮಾಡಿ, ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಅದು ಯಾರಿಗೆಂದು ಹೇಳಿ ರೇಖಾಳ ಕೈಗೆ ಕೊಡುತ್ತಿದ್ದರು. ಗದಗಿನ ಸೋದರತ್ತೆಗೊಂದು, ಹಾವೇರಿಯ ಕಾಕಾನಿಗೊಂದು, ಹೆಡ್ ಆಫೀಸಿನ ಸಾಹೇಬರಿಗೊಂದು. ರೇಖಾ ಅವುಗಳನ್ನು ಸೀರೆಗಳ ನಡುವೆ ಇಟ್ಟು ಟ್ರಂಕು ತುಂಬುತ್ತಿದ್ದಳು.

ಕೊನೆಯದು ಉಳಿಯಿತು. ರುದ್ರಯ್ಯ ಅದನ್ನು ತಿರುವಿ ನೋಡಿ, “ಇದು ಯಾರಿಗ್ರಿ?” ಎಂದು ಅತ್ತೆಯನ್ನು ಕೇಳಿದರು.

ತೋಂಟೇಶನ ತಾಯಿ ಮೆಟ್ಟಿಲ ಮೇಲೆ ಕೂತಿದ್ದರು. ಅಂಗಳದ ಆ ತುದಿಯಲ್ಲಿ ಪಿಸುಮಾತು ಇನ್ನೂ ನಡೆದಿತ್ತು. ಅವರು ಅತ್ತ ನೋಡಿದರು, ಅಳಿಯನ ಮುಖ ನೋಡಿದರು.

“ಬೀಗರಿಗೆ ಕೊಡ್ರಿ,” ಎಂದರು.

ರುದ್ರಯ್ಯ ಗಿಂಡಿಯನ್ನು ಪಂಚೆಗೆ ಒರೆಸಿ, ಎರಡು ಹೆಜ್ಜೆ ನಡೆದು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವೀರಮ್ಮನ ಮುಂದೆ ಹಿಡಿದರು.

ಇಪ್ಪತ್ತು ವರ್ಷಗಳಿಂದ ದಿನಾ ಗಂಗೆಯಲ್ಲೇ ಬಟ್ಟೆ ಒಗೆದು, ಗಂಗೆಯಲ್ಲೇ ಅಕ್ಕಿ ತೊಳೆದಿದ್ದ ವೀರಮ್ಮ, ತಲೆಯ ಮೇಲೆ ಸೆರಗು ಎಳೆದುಕೊಂಡು ಎರಡೂ ಕೈ ಚಾಚಿದರು. ಬೆಸುಗೆ ಇನ್ನೂ ಆರಿರಲಿಲ್ಲ. ಬಿಸಿ ತಾಗದಂತೆ ಅವರು ಗಿಂಡಿಯನ್ನು ಸೆರಗಿನಲ್ಲಿ ಸುತ್ತಿ ಹಿಡಿದು, ಅಲ್ಲಿಯೇ ನಿಂತರು.